ಕಾಗದ ದಾಟದ ಗಡಿ

2018ರ ಆಗಸ್ಟ್ ತಿಂಗಳು. ಉತ್ತರ ಕೊರಿಯಾದ ಕುಮ್‌ಗಾಂಗ್ ಬೆಟ್ಟದ ಬುಡದಲ್ಲಿ ಒಂದು ಹೋಟೆಲು. ಅದರ ದೊಡ್ಡ ಹಾಲಿನಲ್ಲಿ ಮೇಜುಗಳಿಗೆ ನಂಬರ್ ಹಾಕಿ ಇಟ್ಟಿದ್ದರು. ದಕ್ಷಿಣದಿಂದ ಬಸ್ಸಿನಲ್ಲಿ ಬಂದ 92 ವರ್ಷದ ಅಜ್ಜಿಯೊಬ್ಬರು ತಮ್ಮ ಮೇಜು ಹುಡುಕಿಕೊಂಡು ಬಂದರು. ಅಲ್ಲಿ 71 ವರ್ಷದ ಮುದುಕರೊಬ್ಬರು ಕೂತಿದ್ದರು. ಅಜ್ಜಿಯ ಮಗ. ಕೊನೆಯ ಸಲ ಕಂಡಾಗ ಅವನಿಗೆ ನಾಲ್ಕು ವರ್ಷ. ಕೊರಿಯಾ ಯುದ್ಧಕ್ಕೆ ಹೆದರಿ ಜನ ಓಡುತ್ತಿದ್ದಾಗ ಗಂಡ ಮತ್ತು ಮಗ ಒಂದು ಕಡೆಯಾದರು, ಕೈಗೂಸಿನ ಜೊತೆ ಇವರು ಇನ್ನೊಂದು ಕಡೆಯಾದರು. ಆಮೇಲೆ ಸುಮಾರು 68 ವರ್ಷ ಮುಖ ನೋಡಲಿಲ್ಲ.

ಭೇಟಿಗೆ ಕೊಟ್ಟಿದ್ದು ಮೂರು ದಿನ. ಲೆಕ್ಕ ಹಾಕಿದರೆ ಒಟ್ಟು ಹನ್ನೊಂದು ಗಂಟೆ ಆಸುಪಾಸು. ಮೂರನೇ ದಿನ ದಕ್ಷಿಣದವರು ಬಸ್ ಹತ್ತಿದರು. ಕಿಟಕಿಯ ಒಳಗಿನಿಂದ ಒಂದು ಕೈ, ಹೊರಗಿನಿಂದ ಒಂದು ಕೈ, ನಡುವೆ ಗಾಜು. ಇಷ್ಟಾದರೂ ಇವರು ಅದೃಷ್ಟವಂತರು. ಆ ಸಲ ದಕ್ಷಿಣದಲ್ಲಿ ಕಾಯುತ್ತಿದ್ದವರು ಸುಮಾರು 57 ಸಾವಿರ ಜನ. ಕಂಪ್ಯೂಟರ್ ಲಾಟರಿ ಎತ್ತಿ ಸುಮಾರು ನೂರು ಮಂದಿಯನ್ನು ಆರಿಸಿದ್ದರು. ಅದೇ ಕೊನೆ. ಆಮೇಲೆ ಒಂದೂ ಭೇಟಿ ನಡೆದಿಲ್ಲ. ಇಂಥ ಭೇಟಿಗೆ ಅಂತಲೇ ಅದೇ ಬೆಟ್ಟದ ಹತ್ತಿರ ಕಟ್ಟಿಸಿದ್ದ ಕೇಂದ್ರವನ್ನು ಉತ್ತರದವರು ಒಡೆಯುತ್ತಿದ್ದಾರೆ ಎಂದು 2025ರ ಫೆಬ್ರವರಿಯಲ್ಲಿ ದಕ್ಷಿಣದ ಸರ್ಕಾರ ಹೇಳಿತು.

ಕೊರಿಯಾ ಅಂದರೆ ನಮ್ಮ ಟಿವಿಯಲ್ಲಿ ಒಂದೋ ಕ್ಷಿಪಣಿ ಬರುತ್ತದೆ, ಇಲ್ಲ ಕಿಮ್ ಜಾಂಗ್ ಉನ್ ಬರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಒಂದು ಚಿಕ್ಕ ವಿಷಯ. ಉತ್ತರ ಕೊರಿಯಾದಿಂದ ದಕ್ಷಿಣ ಕೊರಿಯಾಕ್ಕೆ ಅಂಚೆ ಇಲ್ಲ. ಮನೆಯಿಂದ ಮನೆಗೆ ಫೋನೂ ಇಲ್ಲ. ಜರ್ಮನಿ ಎರಡಾಗಿದ್ದಾಗಲೂ, ಬರ್ಲಿನ್ ಗೋಡೆ ಎದ್ದ ಮೇಲೂ, ಎರಡೂ ಕಡೆಯವರು ಕಾಗದ ಬರೆಯುತ್ತಿದ್ದರು, ಪಾರ್ಸೆಲ್ ಕಳಿಸುತ್ತಿದ್ದರು. 1964ರಿಂದ ಪೂರ್ವ ಜರ್ಮನಿಯ ಪಿಂಚಣಿದಾರರು ಪಶ್ಚಿಮದ ನೆಂಟರ ಮನೆಗೆ ಹೋಗಿ ಬರಬಹುದಿತ್ತು. ಕೊರಿಯಾದಲ್ಲಿ ಹೀಗಿಲ್ಲ. ಸರ್ಕಾರಗಳೇ ಮುಂದೆ ನಿಂತು ದೊಡ್ಡ ಮಟ್ಟದಲ್ಲಿ ಕಾಗದ ಬದಲಾಯಿಸಿಕೊಂಡಿದ್ದು ಒಂದೇ ಸಲ, 2001ರ ಮಾರ್ಚ್‌ನಲ್ಲಿ. ಆ ಕಡೆಯಿಂದ 300, ಈ ಕಡೆಯಿಂದ 300. ಉಳಿದಂತೆ ಚೀನಾದ ಮೂಲಕ, ದಲ್ಲಾಳಿಗಳಿಗೆ ದುಡ್ಡು ಕೊಟ್ಟು, ಕದ್ದುಮುಚ್ಚಿ ಸುದ್ದಿ ತರಿಸಿಕೊಂಡವರು ಇದ್ದಾರೆ.

ಯುದ್ಧ ಭೂಮಿಯನ್ನು ಹಂಚಿತು ಅನ್ನುತ್ತೇವೆ. ನನ್ನ ಪ್ರಕಾರ ಅದು ಪೂರ್ತಿ ಸರಿಯಲ್ಲ. ಭೂಮಿ ಅದಕ್ಕೂ ಮೊದಲೇ ಹಂಚಿಹೋಗಿತ್ತು. ಯುದ್ಧ ಕಡಿದಿದ್ದು ಸುದ್ದಿಯನ್ನು.

ಭೂಮಿ ಹಂಚಿದ ಕಥೆ ಸಣ್ಣದು. 1910ರಿಂದ ಕೊರಿಯಾ ಜಪಾನಿನ ಕೈಯಲ್ಲಿತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲುವ ಹೊತ್ತಿಗೆ ಸೋವಿಯತ್ ಸೇನೆ ಉತ್ತರದಿಂದ ನುಗ್ಗುತ್ತಿತ್ತು. ಅಮೆರಿಕದವರು ಇನ್ನೂ ದೂರದಲ್ಲಿದ್ದರು. ಆಗಸ್ಟ್ 10ರ ರಾತ್ರಿ ವಾಷಿಂಗ್ಟನ್‌ನಲ್ಲಿ ಇಬ್ಬರು ಕರ್ನಲ್‌ಗಳಿಗೆ, ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್, ಎಲ್ಲಿ ಗೆರೆ ಎಳೆಯಬೇಕೋ ನೋಡಿ ಅಂದರು. ಅವರ ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯೋಗ್ರಾಫಿಕ್‌ನ ಒಂದು ನಕ್ಷೆ. 38ನೇ ಅಕ್ಷಾಂಶದಲ್ಲಿ ಗೆರೆ ಎಳೆದರೆ ರಾಜಧಾನಿ ಸಿಯೋಲ್ ಅಮೆರಿಕದ ಪಾಲಿಗೆ ಬರುತ್ತದೆ. ಅಷ್ಟೇ ಲೆಕ್ಕಾಚಾರ. ಕೊರಿಯಾದ ಒಬ್ಬರನ್ನೂ ಕೇಳಲಿಲ್ಲ. ಸೋವಿಯತ್ ಒಪ್ಪಿಕೊಂಡಿತು. ಈ ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದರು.

ಅದು ತಾತ್ಕಾಲಿಕ ಗೆರೆ. ಜಪಾನಿ ಸೈನಿಕರ ಶರಣಾಗತಿಯನ್ನು ಯಾರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವುದಕ್ಕೆ ಮಾತ್ರ. ಆದರೆ ತಾತ್ಕಾಲಿಕ ಬೇಲಿಗೆ ಬೇರು ಬರಲು ಎಷ್ಟು ಹೊತ್ತು? 1948ರಲ್ಲಿ ದಕ್ಷಿಣದಲ್ಲಿ ಸಿಂಗ್ಮನ್ ರೀ ಸರ್ಕಾರ, ಉತ್ತರದಲ್ಲಿ ಕಿಮ್ ಇಲ್ ಸುಂಗ್ ಸರ್ಕಾರ. ಜಪಾನಿಯರು ಕಟ್ಟಿದ್ದ ದೊಡ್ಡ ಜಲವಿದ್ಯುತ್ ಕೇಂದ್ರಗಳು ಉತ್ತರದಲ್ಲಿದ್ದವು, ಗದ್ದೆಗಳು ಜಾಸ್ತಿ ದಕ್ಷಿಣದಲ್ಲಿದ್ದವು. ಆ ವರ್ಷ ಮೇ ತಿಂಗಳಲ್ಲಿ ಉತ್ತರದವರು ದಕ್ಷಿಣಕ್ಕೆ ಕರೆಂಟ್ ಕಟ್ ಮಾಡಿದರು. ಇಡೀ ದೇಶ ನಮ್ಮದೇ ಎಂದು ಇಬ್ಬರೂ ಹೇಳುತ್ತಿದ್ದರು. ಬೇಕಾದರೆ ಬಲದಿಂದ ಸೇರಿಸುತ್ತೇವೆ ಅನ್ನುವುದರಲ್ಲೂ ಇಬ್ಬರಿಗೂ ಒಮ್ಮತವಿತ್ತು! 1950ರ ಜೂನ್ 25ರಂದು ಕಿಮ್ ಇಲ್ ಸುಂಗ್ ಸೇನೆ, ಸ್ಟಾಲಿನ್ ಒಪ್ಪಿಗೆ ಪಡೆದು, 38ನೇ ಗೆರೆ ದಾಟಿತು.

ಯುದ್ಧದ ವಿವರ ಎಲ್ಲ ಕಡೆ ಸಿಗುತ್ತದೆ. ಇಲ್ಲಿ ಬೇಕಾಗಿದ್ದು ಇಷ್ಟು. ಮೊದಲು ಉತ್ತರದವರು ದಕ್ಷಿಣದ ತುದಿಯ ಬುಸಾನ್ ಹತ್ತಿರದವರೆಗೂ ಬಂದರು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜನರಲ್ ಮೆಕಾರ್ಥರ್ ಸೇನೆ ಇಂಚಾನ್‌ನಲ್ಲಿ ಇಳಿದು ಅವರನ್ನು ಚೀನಾ ಗಡಿಯವರೆಗೆ ಅಟ್ಟಿತು. ಚಳಿಗಾಲಕ್ಕೆ ಚೀನಾ ಸೇನೆ ಬಂದು ಮತ್ತೆ ಕೆಳಕ್ಕೆ ತಳ್ಳಿತು. ಸಿಯೋಲ್ ಒಂಬತ್ತು ತಿಂಗಳೊಳಗೆ ನಾಲ್ಕು ಸಲ ಕೈ ಬದಲಾಯಿತು.

ಈ ನಾಲ್ಕು ಸಲ ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಯುದ್ಧ ಶುರುವಾದ ಮೂರನೇ ದಿನ ಸರ್ಕಾರ ಊರು ಬಿಟ್ಟು ಹೋಗಿತ್ತು. ರೇಡಿಯೋದಲ್ಲಿ ಮಾತ್ರ ರೀ ಅವರ ಧ್ವನಿಮುದ್ರಿತ ಭಾಷಣ ಬರುತ್ತಿತ್ತು, ಹೆದರಬೇಡಿ ಅಂತ. ಜೂನ್ 28ರ ನಸುಕಿನಲ್ಲಿ ದಕ್ಷಿಣದ ಸೇನೆಯೇ ಹಾನ್ ನದಿಯ ಸೇತುವೆಯನ್ನು ಸ್ಫೋಟಿಸಿತು. ಆಗ ಅದರ ಮೇಲೆ ಜನ ಇದ್ದರು. ಊರಲ್ಲಿ ಸಿಕ್ಕಿಬಿದ್ದವರು ಉತ್ತರದ ಆಳ್ವಿಕೆಯಲ್ಲಿ ಮೂರು ತಿಂಗಳು ಹೇಗೋ ಬದುಕಿದರು. ಸರ್ಕಾರ ವಾಪಸ್ ಬಂದ ಮೇಲೆ ಅವರನ್ನೇ ಕೇಳಿತು: ನೀವು ಯಾಕೆ ಉಳಿದಿರಿ? ಶತ್ರುವಿಗೆ ಏನು ಸಹಾಯ ಮಾಡಿದಿರಿ? ಸೇತುವೆ ಒಡೆದವರೇ ಕೇಳುವ ಪ್ರಶ್ನೆಯಾ ಇದು? ಹಳ್ಳಿಗಳಲ್ಲೂ ಇದೇ. ಸೇನೆ ಬದಲಾದಾಗಲೆಲ್ಲ ಯಾರೋ ಯಾರದೋ ಹೆಸರು ಹೇಳಿದರು. ಎಡಪಂಥದವರು ಎಂಬ ಗುಮಾನಿಯ ಮೇಲೆ ದಕ್ಷಿಣದ ಸರ್ಕಾರ ತನ್ನದೇ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಿದ್ದನ್ನು ಅಲ್ಲಿನ ಸತ್ಯಶೋಧನಾ ಆಯೋಗವೇ ದಶಕಗಳ ನಂತರ ಒಪ್ಪಿತು. ಉತ್ತರದವರೂ ಹಿಂದೆ ಸರಿಯುವಾಗ ಹಿಡಿದಿಟ್ಟಿದ್ದವರನ್ನು ಕೊಂದು ಹೋದರು. ಸಿಪಾಯಿಗಳು ಕೊಂದಿದ್ದು ಒಂದು ಲೆಕ್ಕ. ನೆರೆಯವರು ಹೆಸರು ಹೇಳಿ ಕೊಲ್ಲಿಸಿದ್ದು ಬೇರೆಯೇ ಲೆಕ್ಕ. ಅದು ಬೇಗ ಮರೆಯುವಂಥದ್ದಲ್ಲ.

ಅಮೆರಿಕದ ವಿಮಾನಗಳು ಸುಮಾರು 6.35 ಲಕ್ಷ ಟನ್ ಬಾಂಬ್ ಹಾಕಿದವು. ಎರಡನೇ ಮಹಾಯುದ್ಧದಲ್ಲಿ ಇಡೀ ಪೆಸಿಫಿಕ್ ಭಾಗದಲ್ಲಿ ಹಾಕಿದ್ದಕ್ಕಿಂತ ಇದು ಜಾಸ್ತಿ. ಉತ್ತರದ ಪಟ್ಟಣಗಳಲ್ಲಿ ನಿಂತ ಗೋಡೆ ಕಾಣುವುದೇ ಅಪರೂಪವಾಗಿತ್ತು. ಸತ್ತವರ ಅಂದಾಜು 20 ಲಕ್ಷದಿಂದ 30 ಲಕ್ಷ, ಅದರಲ್ಲಿ ದೊಡ್ಡ ಪಾಲು ಸಾಮಾನ್ಯ ಜನ. ಇಷ್ಟೆಲ್ಲ ಆಗಿ ಗಡಿ ಎಲ್ಲಿ ನಿಂತಿತು? ಹೆಚ್ಚುಕಡಿಮೆ ಮೊದಲಿದ್ದಲ್ಲೇ. ಸ್ವಲ್ಪ ಓರೆಯಾಯಿತು ಅಷ್ಟೇ. ದಕ್ಷಿಣದಲ್ಲಿದ್ದ ಕೆಸಾಂಗ್ ಉತ್ತರಕ್ಕೆ ಹೋಯಿತು, ಉತ್ತರದಲ್ಲಿದ್ದ ಸೋಕ್ಚೋ ದಕ್ಷಿಣಕ್ಕೆ ಬಂತು. 1953ರ ಜುಲೈ 27ರಂದು ಪನ್ಮುಂಜೋಮ್‌ನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ದಕ್ಷಿಣ ಕೊರಿಯಾ ಸಹಿ ಹಾಕಲೇ ಇಲ್ಲ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ಮಾತುಕತೆ ಎರಡು ವರ್ಷ ಎಳೆದಾಡಿದ್ದಕ್ಕೆ ದೊಡ್ಡ ಕಾರಣ ಯುದ್ಧ ಕೈದಿಗಳು. ಊರಿಗೆ ಹೋಗಲ್ಲ ಅನ್ನುವ ಕೈದಿಯನ್ನು ಏನು ಮಾಡುವುದು? ಈ ಗಂಟು ಬಿಡಿಸಲು ಕರೆದಿದ್ದು ಒಬ್ಬ ಕೊಡಗಿನವರನ್ನು. ಮಡಿಕೇರಿಯ ಕೊಡಂದೇರ ತಿಮ್ಮಯ್ಯ, ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ, ಆಗ ತಟಸ್ಥ ರಾಷ್ಟ್ರಗಳ ಕೈದಿ ವಾಪಸಾತಿ ಆಯೋಗದ ಅಧ್ಯಕ್ಷರು. ಭಾರತದ ಸೈನಿಕರು ದಕ್ಷಿಣದ ನೆಲದ ಮೇಲೆ ಕಾಲಿಡಕೂಡದು ಎಂದು ಸಿಂಗ್ಮನ್ ರೀ ಹಟ ಹಿಡಿದರು. ಹಾಗಾಗಿ ಹಡಗಿನಿಂದ ಅವರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿ ನೇರ ಗಡಿ ಪಟ್ಟಿಯೊಳಗೆ ಇಳಿಸಬೇಕಾಯಿತು.

ಅವರ ಕೈಗೆ ಬಂದ ಕೈದಿಗಳು 22 ಸಾವಿರಕ್ಕೂ ಹೆಚ್ಚು. ಊರಿಗೆ ಬನ್ನಿ ಎಂದು ಅವರವರ ದೇಶದ ಅಧಿಕಾರಿಗಳು ಡೇರೆಯಲ್ಲಿ ಕೂತು ತಿಳಿಹೇಳಬೇಕು, ಭಾರತದವರು ನಡುವೆ ಇರಬೇಕು. ಕೇಳಲು ಬಂದವರೇ ಕಡಿಮೆ. ಬಂದವರಲ್ಲೂ ಕೆಲವರು ಕೂಗಾಡಿದರು, ಕುರ್ಚಿ ಎಸೆದರು. ಶಿಬಿರದೊಳಗೆ ಕೈದಿಗಳದ್ದೇ ಗುಂಪುಗಳು ಹಿಡಿತ ಇಟ್ಟುಕೊಂಡಿದ್ದವು, ವಾಪಸ್ ಹೋಗುತ್ತೇನೆ ಅಂದವನಿಗೆ ಜೀವಭಯವಿತ್ತು. ಹೀಗಿರುವಾಗ ಯಾರ ಮಾತು ಮನಸ್ಸಿನದು, ಯಾರದ್ದು ಭಯದ್ದು ಅಂತ ಹೇಗೆ ಹೇಳುವುದು? ಕಡೆಗೆ 88 ಮಂದಿ ಉತ್ತರವೂ ಬೇಡ ದಕ್ಷಿಣವೂ ಬೇಡ, ಚೀನಾವೂ ಬೇಡ ತೈವಾನೂ ಬೇಡ ಅಂದರು. 1954ರ ಫೆಬ್ರವರಿಯಲ್ಲಿ ಅವರನ್ನು ಭಾರತಕ್ಕೆ ಕರೆತಂದರು. ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಕ್ಕೆ ಹೋದರು, ಕೆಲವರು ಇಲ್ಲೇ ಉಳಿದರು. ತಿಮ್ಮಯ್ಯನವರ ಮನೆ, ಮಡಿಕೇರಿಯ ಸನ್ನಿ ಸೈಡ್, ಈಗ ಮ್ಯೂಸಿಯಂ. ಅಬ್ಬಿ ಜಲಪಾತಕ್ಕೆ ಹೋಗುವ ಅವಸರದಲ್ಲಿ ಅದನ್ನು ನೋಡದೆ ಬರುವವರೇ ಜಾಸ್ತಿ.

ಕೈದಿಗಳಿಗಾದರೂ ಆಯ್ಕೆ ಇತ್ತು. ಓಡಿ ಬಂದವರಿಗೆ ಅದೂ ಇರಲಿಲ್ಲ. 1950ರ ಡಿಸೆಂಬರ್‌ನಲ್ಲಿ ಉತ್ತರದ ಹುಂಗ್ನಾಮ್ ಬಂದರಿನಿಂದ ಅಮೆರಿಕದ ಹಡಗುಗಳು ಸುಮಾರು ಒಂದು ಲಕ್ಷ ಜನರನ್ನು ದಕ್ಷಿಣಕ್ಕೆ ತಂದವು. ಒಂದೇ ಸರಕು ಹಡಗಿನಲ್ಲಿ 14 ಸಾವಿರ ಮಂದಿ. ಆ ಗುಂಪಿನಲ್ಲಿದ್ದ ಒಂದು ದಂಪತಿಗೆ 1953ರಲ್ಲಿ ದಕ್ಷಿಣದ ಗೋಜೆ ದ್ವೀಪದಲ್ಲಿ ಹುಟ್ಟಿದ ಮಗನೇ ಮೂನ್ ಜೇ ಇನ್, 2017ರಿಂದ 2022ರವರೆಗೆ ದಕ್ಷಿಣದ ಅಧ್ಯಕ್ಷರು. ಹಡಗು ಹತ್ತಿದವರು ಬೇಗ ವಾಪಸ್ ಬರುತ್ತೇವೆ ಅಂದುಕೊಂಡಿದ್ದರು. ಎಷ್ಟೋ ಮಂದಿ ಅಪ್ಪ ಅಮ್ಮನಿಗೆ ಸರಿಯಾಗಿ ಹೇಳಿಯೂ ಬಂದಿರಲಿಲ್ಲ.

ಸೋಕ್ಚೋದಲ್ಲಿ ಅಬಾಯ್ ಅನ್ನುವ ಕೇರಿಯಿದೆ. ಉತ್ತರದ ಹಾಮ್‌ಗ್ಯಾಂಗ್ ಸೀಮೆಯಿಂದ ಬಂದವರು ಕಟ್ಟಿಕೊಂಡಿದ್ದು. ಅಬಾಯ್ ಅಂದರೆ ಆ ಕಡೆಯ ಮಾತಿನಲ್ಲಿ ಹಿರಿಯರು, ಅಜ್ಜ. ಗಡಿ ತೆರೆದ ಕೂಡಲೇ ಮೊದಲು ಹೊರಡಬೇಕಲ್ಲ, ಅದಕ್ಕೆ ಆದಷ್ಟು ಹತ್ತಿರದಲ್ಲಿ, ಸಮುದ್ರದ ಮರಳಿನ ಮೇಲೇ ಗುಡಿಸಲು ಹಾಕಿದರು. ಗಡಿ ತೆರೆಯಲಿಲ್ಲ. ಈಗ ಪ್ರವಾಸಿಗರು ಅಲ್ಲಿಗೆ ಹೋಗುವುದು ಅವರ ಊರಿನ ಅಡುಗೆ ತಿನ್ನಲು. ಸಿಯೋಲ್‌ನಲ್ಲಿ ಬೇಸಿಗೆ ಬಂದರೆ ಜನ ಸಾಲು ನಿಂತು ತಿನ್ನುವ ನೆಂಗ್‌ಮ್ಯಾನ್, ತಣ್ಣನೆಯ ಸಾರಿನ ನೂಡಲ್ಸ್, ಅದೂ ಉತ್ತರದ್ದೇ. ಜನ ದಾಟಲಾಗದ ಗೆರೆಯನ್ನು ರುಚಿ ಅವತ್ತೇ ದಾಟಿತ್ತು.

ಸುದ್ದಿ ಎಷ್ಟು ಕಡಿದುಹೋಗಿತ್ತು ಅನ್ನುವುದಕ್ಕೆ 1983ರ ಒಂದು ಘಟನೆ ಸಾಕು. ದಕ್ಷಿಣದ ಸರ್ಕಾರಿ ವಾಹಿನಿ ಕೆಬಿಎಸ್, ಯುದ್ಧದಲ್ಲಿ ಚದುರಿಹೋದವರನ್ನು ಹುಡುಕುವ ಒಂದು ನೇರ ಪ್ರಸಾರ ಇಟ್ಟುಕೊಂಡಿತು. ಯೋಜನೆ ಹಾಕಿದ್ದು 95 ನಿಮಿಷಕ್ಕೆ. ನಡೆದಿದ್ದು 138 ದಿನ. ಜನ ಹೆಸರು, ಊರು, ಮೈಮೇಲಿನ ಮಚ್ಚೆ, ಬಿಟ್ಟುಹೋದ ದಿನ ಎಲ್ಲವನ್ನೂ ಹಾಳೆ ಮೇಲೆ ಬರೆದು ಸ್ಟುಡಿಯೋದ ಗೋಡೆಗೆ, ಹೊರಗಿನ ನೆಲಕ್ಕೆ ಅಂಟಿಸಿದರು. ಅರ್ಜಿ ಹಾಕಿದವರು ಒಂದು ಲಕ್ಷಕ್ಕೂ ಹೆಚ್ಚು, ಸಿಕ್ಕಿದವರು 10,189. ಗಮನಿಸಿ, ಇದರಲ್ಲಿ ಉತ್ತರ ಬರುವುದೇ ಇಲ್ಲ. ಇವರಲ್ಲಿ ಹೆಚ್ಚಿನವರು ದಕ್ಷಿಣದಲ್ಲೇ ಇದ್ದವರು. ಕರ್ನಾಟಕದ ಅರ್ಧಕ್ಕಿಂತ ತುಸುವೇ ದೊಡ್ಡದಾದ ನಾಡಿನೊಳಗೆ ಅಕ್ಕ ತಂಗಿ ಮೂವತ್ತು ವರ್ಷ ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ.

ಯಾಕೆ? ಬಡತನ, ಹೆಸರು ಬದಲಾಗಿದ್ದು, ಅನಾಥಾಲಯ, ಇದೆಲ್ಲ ಇದೆ. ಜೊತೆಗೆ ಭಯ. ದಕ್ಷಿಣದಲ್ಲಿ ಅಣ್ಣನೊಬ್ಬ ಉತ್ತರಕ್ಕೆ ಹೋದ ಅಂದರೆ ಉಳಿದವರಿಗೆ ಸರ್ಕಾರಿ ಕೆಲಸ, ವಿದೇಶ ಪ್ರಯಾಣ ಎಲ್ಲಕ್ಕೂ ಅಡ್ಡಿ. ಮನೆಯವರ ತಪ್ಪಿಗೆ ಮನೆಮಂದಿಗೆಲ್ಲ ಶಿಕ್ಷೆ ಕೊಡುವ ಈ ಪದ್ಧತಿಯನ್ನು 1980ರ ಸಂವಿಧಾನದಲ್ಲಿ ನಿಷೇಧಿಸಿದರು. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಉತ್ತರಕ್ಕೆ ಹೋದವನನ್ನು ಸತ್ತ ಎಂದು ಹೇಳಿ ಸುಮ್ಮನಾದರು. ಉತ್ತರದಲ್ಲಿ ಸೋಂಗ್‌ಬುನ್ ಎಂಬ ವ್ಯವಸ್ಥೆ. ಅಜ್ಜ ಏನು ಮಾಡಿದ ಅನ್ನುವುದರ ಮೇಲೆ ಮೊಮ್ಮಗನ ಓದು, ಕೆಲಸ, ವಾಸದ ಜಾಗ ತೀರ್ಮಾನ. ದಕ್ಷಿಣಕ್ಕೆ ಓಡಿದ ನೆಂಟರಿದ್ದರೆ ಕೆಳಗಿನ ಸಾಲು. ಹೀಗಾಗಿ ಎರಡೂ ಕಡೆ ಜನ ತಮ್ಮವರನ್ನು ಹುಡುಕಲು ಹೆದರಿದರು. ಗಡಿಯಲ್ಲಿ ಮುಳ್ಳುತಂತಿ ಇಲ್ಲದಿದ್ದರೂ ಕಾಗದ ನಿಲ್ಲುತ್ತಿತ್ತು ಅನಿಸುತ್ತದೆ.

ಎದುರಿಗೆ ಶತ್ರು ಇದ್ದಾನೆ ಅನ್ನುವುದು ಎರಡೂ ಸರ್ಕಾರಗಳಿಗೆ ಅನ್ನ ಹಾಕಿದೆ. ಉತ್ತರದಲ್ಲಿ ಇದು ಹೇಳಬೇಕಾದ್ದೇ ಇಲ್ಲ, ಮೂರು ತಲೆಮಾರಿನ ಒಂದೇ ಮನೆತನದ ಆಳ್ವಿಕೆ, 2006ರಿಂದ 2017ರವರೆಗೆ ಆರು ಅಣು ಪರೀಕ್ಷೆ. ದಕ್ಷಿಣದಲ್ಲಿ ಅದು ಸ್ವಲ್ಪ ಮರೆಯಲ್ಲಿರುತ್ತದೆ. ಅಲ್ಲಿನ ಗುರುತಿನ ಚೀಟಿ, ಪ್ರತಿಯೊಬ್ಬರಿಗೂ ಒಂದು ನಂಬರ್, 1968ರಲ್ಲಿ ಬಂದಿದ್ದು. ಆ ಜನವರಿಯಲ್ಲಿ ಉತ್ತರದ ಕಮಾಂಡೋಗಳು ಅಧ್ಯಕ್ಷರ ಮನೆಯ ಹತ್ತಿರದವರೆಗೂ ಬಂದಿದ್ದರು. ಗಂಡುಮಕ್ಕಳು ಒಂದೂವರೆ ವರ್ಷ ಅಥವಾ ಅದಕ್ಕೂ ಜಾಸ್ತಿ ಸೇನೆಯಲ್ಲಿ ಇರಲೇಬೇಕು. ಜಗತ್ತಿಗೇ ಗೊತ್ತಿರುವ ಹಾಡುಗಾರರ ತಂಡ ಬಿಟಿಎಸ್‌ನ ಹುಡುಗರಿಗೂ ತಪ್ಪಲಿಲ್ಲ. ಅಮೆರಿಕದ ಸುಮಾರು 28,500 ಸೈನಿಕರು ಇನ್ನೂ ಅಲ್ಲೇ ಇದ್ದಾರೆ. ದೊಡ್ಡ ಯುದ್ಧ ಬಂದರೆ ದಕ್ಷಿಣದ ಸೇನೆಯ ಕಾರ್ಯಾಚರಣೆಯ ಹಿಡಿತ ಅಮೆರಿಕದ ಜನರಲ್ ಕೈಗೆ ಹೋಗುವ ಏರ್ಪಾಡು 1950ರಲ್ಲಿ ಶುರುವಾದದ್ದು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಏಕಾಏಕಿ ಮಾರ್ಷಲ್ ಲಾ ಹೇರಿದಾಗ ಹೇಳಿದ ಕಾರಣವೂ ಹಳೆಯದೇ: ಉತ್ತರದ ಪರವಾದ ದೇಶವಿರೋಧಿಗಳು. ಈ ಸಲ ಜನ ನಂಬಲಿಲ್ಲ. ಕೆಲವೇ ಗಂಟೆಗಳಲ್ಲಿ ಸಂಸತ್ತು ಅದನ್ನು ತಳ್ಳಿಹಾಕಿತು, 2025ರ ಏಪ್ರಿಲ್‌ನಲ್ಲಿ ಯೂನ್ ಕುರ್ಚಿ ಕಳೆದುಕೊಂಡರು.

ಮಾತೂ ಬೇರೆಯಾಗುತ್ತಿದೆ. ಉತ್ತರದವರನ್ನು ಇನ್ನೊಂದು ತುತ್ತು ಹಾಕಲಾ ಎಂದು ಕೇಳಿದರೆ "ಇಲ್ ಒಪ್ತಾ" ಅನ್ನುತ್ತಾರೆ. ಅವರ ಅರ್ಥದಲ್ಲಿ ಅದು "ಪರವಾಗಿಲ್ಲ, ಸಾಕು". ದಕ್ಷಿಣದವರ ಕಿವಿಗೆ ಅದು "ನಂಗೇನೂ ಬೇಕಿಲ್ಲ, ಹೋಗು" ಅನ್ನುವ ಹಾಗೆ ಕೇಳುತ್ತದೆ. ಇದು ತಮಾಷೆಯಾಗಿ ಮುಗಿಯುವ ವಿಷಯ. ಆದರೆ 2023ರಲ್ಲಿ ಉತ್ತರ ಒಂದು ಕಾನೂನೇ ಮಾಡಿತು. ದಕ್ಷಿಣದ ಧಾಟಿಯಲ್ಲಿ ಮಾತಾಡುವುದು ಈಗ ಅಲ್ಲಿ ಅಪರಾಧ. ಪ್ರೀತಿಸಿದ ಹುಡುಗನನ್ನು "ಓಪ್ಪಾ" ಅನ್ನುವಂತಿಲ್ಲ. ನಮ್ಮ ಮಕ್ಕಳು ಧಾರಾವಾಹಿ ನೋಡಿ ದಿನಕ್ಕೆ ಹತ್ತು ಸಲ ಅನ್ನುವ ಮಾತು ಅದು.

ಅದೇ ವರ್ಷದ ಕೊನೆಗೆ ಕಿಮ್ ಜಾಂಗ್ ಉನ್ ಇನ್ನೂ ದೊಡ್ಡದೊಂದು ಮಾತು ಆಡಿದರು. ದಕ್ಷಿಣ ಇನ್ನು ನಮ್ಮ ಬಳಗವಲ್ಲ, ಶತ್ರು ದೇಶ, ಒಂದಾಗುವ ಮಾತು ಬೇಡ ಎಂದರು. ಮುಂದಿನ ತಿಂಗಳೇ ಉತ್ತರದ ರಾಜಧಾನಿ ಪ್ಯೊಂಗ್ಯಾಂಗ್‌ನಲ್ಲಿದ್ದ ಏಕೀಕರಣದ ಕಮಾನು ಉರುಳಿತು. 2024ರ ಅಕ್ಟೋಬರ್ 15ರಂದು ಎರಡೂ ದೇಶಗಳನ್ನು ಜೋಡಿಸುತ್ತಿದ್ದ ರಸ್ತೆಗಳನ್ನು ಉತ್ತರದವರು ಸ್ಫೋಟಿಸಿದರು. ಆ ವರ್ಷ ಉತ್ತರದಿಂದ ಕಸ ತುಂಬಿದ ಬಲೂನುಗಳು ಬಂದವು, ದಕ್ಷಿಣದಿಂದ ಧ್ವನಿವರ್ಧಕಗಳು ಕೂಗಿದವು. 2025ರ ಜೂನ್‌ನಲ್ಲಿ ಗೆದ್ದು ಬಂದ ದಕ್ಷಿಣದ ಅಧ್ಯಕ್ಷ ಲೀ ಜೇ ಮ್ಯುಂಗ್ ಮೊದಲ ವಾರಗಳಲ್ಲೇ ಧ್ವನಿವರ್ಧಕ ನಿಲ್ಲಿಸಿದರು. ಒಳ್ಳೆಯದೇ, ಗಡಿಯ ಹಳ್ಳಿಯವರು ರಾತ್ರಿ ನಿದ್ದೆ ಮಾಡಿದರು. ಆದರೆ ಮಾತಿಗೆ ಮಾತು ಬರಲಿಲ್ಲ. ಎರಡು ಸರ್ಕಾರಗಳ ನಡುವೆ ಒಂದು ಸಂಪರ್ಕ ಫೋನಿತ್ತು. ದಿನಾ ಬೆಳಗ್ಗೆ ಒಂಬತ್ತಕ್ಕೆ, ಸಂಜೆ ಐದಕ್ಕೆ ಕರೆ ಮಾಡುವುದು ವಾಡಿಕೆ. 2023ರ ಏಪ್ರಿಲ್‌ನಲ್ಲಿ ಉತ್ತರದವರು ಅದನ್ನು ಎತ್ತುವುದನ್ನೇ ಬಿಟ್ಟರು.

ದಕ್ಷಿಣದ ಸಂವಿಧಾನದ ಪ್ರಕಾರ ಇಡೀ ಕೊರಿಯಾ ಇವತ್ತಿಗೂ ತನ್ನದೇ. ತಾನು ಆಳದ ಐದು ಉತ್ತರದ ಪ್ರಾಂತ್ಯಗಳಿಗೆ ಸಿಯೋಲ್ ಸರ್ಕಾರ ಈಗಲೂ ಗವರ್ನರ್‌ಗಳನ್ನು ನೇಮಿಸುತ್ತದೆ. ಅವರಿಗೆ ಕಚೇರಿ ಇದೆ, ಸಂಬಳ ಇದೆ, ಊರೊಂದು ಇಲ್ಲ. ಇದನ್ನು ಕೇಳಿ ಅಲ್ಲಿನ ಯುವಕರು ನಗುತ್ತಾರೆ. ಅವರಲ್ಲಿ ಬಹಳ ಜನರಿಗೆ ಏಕೀಕರಣ ಬೇಕಾಗಿಲ್ಲ. ಮನೆ ಬಾಡಿಗೆ, ಕೆಲಸ, ಮದುವೆಯ ಖರ್ಚೇ ತಲೆನೋವಾಗಿರುವಾಗ ಇನ್ನೊಂದು ಬಡ ದೇಶವನ್ನು ಹೊರುವುದು ಹೇಗೆ ಅನ್ನುತ್ತಾರೆ. ನಾನು ಅವರನ್ನು ದೂರಲಾರೆ.

ತಪ್ಪಿದ್ದು ಬೇರೆ ಕಡೆ ಅನಿಸುತ್ತದೆ. ದೇಶ ಒಂದಾಗುವುದು ಒಂದು ಪ್ರಶ್ನೆ. ನನ್ನ ತಮ್ಮ ಬದುಕಿದ್ದಾನಾ ಅನ್ನುವುದು ಇನ್ನೊಂದು ಪ್ರಶ್ನೆ. ಎರಡಕ್ಕೂ ಗಂಟು ಹಾಕಿದ್ದೇ ಅನ್ಯಾಯ. 2000ದಿಂದ 2018ರವರೆಗೆ 21 ಸುತ್ತು ಭೇಟಿ ನಡೆದವು. ಪ್ರತಿಯೊಂದೂ ಅಕ್ಕಿ, ಗೊಬ್ಬರ, ಸೇನಾ ಕವಾಯತಿನ ಲೆಕ್ಕದ ಮೇಲೆ ನಿಂತಿತ್ತು. 2013ರ ಸೆಪ್ಟೆಂಬರ್‌ನಲ್ಲಿ, ಉಡುಗೊರೆ ಕೊಂಡು ಬಟ್ಟೆ ಜೋಡಿಸಿಕೊಂಡು ಕೂತವರಿಗೆ, ನಾಲ್ಕು ದಿನ ಇರುವಾಗ ಉತ್ತರ ಆಗಲ್ಲ ಅಂದಿತು. ಉತ್ತರಕ್ಕೆ ಭಯ ಇರುವುದು ಸಹಜ. ದಕ್ಷಿಣದ ನೆಂಟರ ಕೈಗಡಿಯಾರ, ಹಲ್ಲು, ಬಟ್ಟೆ ನೋಡಿದರೆ ಸಾಕು, ಪ್ರಚಾರವೆಲ್ಲ ಸುಳ್ಳು ಅಂತ ಗೊತ್ತಾಗಿಬಿಡುತ್ತದೆ. ಆದರೆ ದಕ್ಷಿಣದ ಸರ್ಕಾರಗಳೂ ಕ್ಯಾಮೆರಾ ಮುಂದಿನ ಕಣ್ಣೀರಿನ ಭೇಟಿಗೆ ಕೊಟ್ಟಷ್ಟು ಗಮನವನ್ನು ಬರೀ ಒಂದು ಪಟ್ಟಿಗೆ, ಯಾರು ಬದುಕಿದ್ದಾರೆ ಯಾರು ಇಲ್ಲ ಅನ್ನುವುದಕ್ಕೆ, ಕೊಡಲಿಲ್ಲ ಅಂತ ನನ್ನ ಅನಿಸಿಕೆ. ಪಟ್ಟಿ ಟಿವಿಯಲ್ಲಿ ಚೆನ್ನಾಗಿ ಕಾಣಲ್ಲ, ಅಲ್ವಾ?

1988ರಿಂದ ಹೆಸರು ನೋಂದಾಯಿಸಿದ ದಕ್ಷಿಣದವರು 1.34 ಲಕ್ಷ. ಈಗ ಬದುಕಿರುವವರು 40 ಸಾವಿರಕ್ಕಿಂತ ಕಡಿಮೆ, ಹೆಚ್ಚಿನವರು 80 ದಾಟಿದವರು. ಇವರಿಗಾಗಿ ಸರ್ಕಾರ ಎರಡು ಕೆಲಸ ಮಾಡುತ್ತಿದೆ. ಮನೆಗೆ ಹೋಗಿ ವಿಡಿಯೋ ಕಾಗದ ರೆಕಾರ್ಡ್ ಮಾಡಿಸುತ್ತದೆ. ಊರು ಹೇಗಿತ್ತು, ನಾನು ಹೇಗೆ ಬದುಕಿದೆ, ನಿನಗೆ ಇದನ್ನು ಹೇಳಬೇಕಿತ್ತು ಅಂತ ಅಜ್ಜ ಅಜ್ಜಿಯರು ಕ್ಯಾಮೆರಾ ನೋಡಿ ಮಾತಾಡುತ್ತಾರೆ. ಇಂಥವು ಸಾವಿರಾರು ಇವೆ, ಬಹುಪಾಲು ಕಳಿಸದೆ ಹಾಗೇ ಉಳಿದಿವೆ. ಇನ್ನೊಂದು, 2014ರಿಂದ ಅವರ ಡಿಎನ್‌ಎ ಮಾದರಿ ತೆಗೆದು ಇಡುತ್ತಿದೆ. ಮುಂದೆ ಯಾವತ್ತಾದರೂ ಆ ಕಡೆಯಿಂದ ಮಗನೋ ಮೊಮ್ಮಗಳೋ ಬಂದು ಕೇಳಿದರೆ, ಹೌದು, ಇವರು ನಿಮ್ಮವರೇ ಆಗಿದ್ದರು ಎಂದು ಹೇಳುವುದಕ್ಕೆ.